ಹೋಪ ಹಲ್ಲು, ಬಪ್ಪ ಹಲ್ಲು

2004 ಜೂನ್ 9, ಬುಧವಾರ

ಬಸ್ಸಿನ ಯಜಮಾನರು ಇವತ್ತು ಆಫೀಸಿಗೆ ಕರೆಸಿ, "ಕಿಟ್ಟ, ನಿನ್ನ್ ನಾಲ್ಗಿ ಒಂಚೂರ್ ಒಳ್ಗ್ ಇಟ್ಕೊ. ಇನ್ನೊಂದ್ ಕಂಪ್ಲೇಂಟ್ ಬಂದ್ರೆ ಬೇರೆ ಕಂಡಕ್ಟ್ರ್ ಬತ್ತ, ಕಾಣ್" ಎಂದರು.

ಕಂಪ್ಲೇಂಟ್ ಕೊಟ್ಟವರು ಜವಳಿ ಅಂಗಡಿಯ ದುಗ್ಗಪ್ಪ. ದಿನಾ ಸಾಸ್ತಾನದಲ್ಲಿ ಹತ್ತಿ ಕುಂದಾಪುರದಲ್ಲಿ ಇಳಿಯುತ್ತಾರೆ. ಇಬ್ಬರ ಸೀಟಿನಲ್ಲಿ ಒಬ್ಬರೇ ತುಂಬಿಕೊಳ್ಳುತ್ತಾರೆ. ನಾನು ಕೇಳಿದ್ದು ಇಷ್ಟೇ: "ಹ್ವಾಯ್, ಇನ್ನೊಂದ್ ಟಿಕೆಟ್ ಯಾರಿಗ್ ಕೊಡ್ಕ್?" ಇದರಲ್ಲಿ ಏನು ತಪ್ಪಿದೆಯೋ ನನಗೆ ಈಗಲೂ ಗೊತ್ತಾಗಿಲ್ಲ.

ಡ್ರೈವರ್ ಮಂಜಯ್ಯ, "ಬಾಯಗ್ ಬಂದದ್ದೆಲ್ಲ ಹೇಳ್ಬೇಡ ಮಾರಾಯ. ಮನಿಗ್ ಹೋಯ್ ಬರ್ದ್ ಇಡ್" ಎಂದ. ಇನ್ಶೂರೆನ್ಸಿನವರು ಕೊಟ್ಟ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಇನ್ನು ಬಸ್ಸಿನಲ್ಲಿ ನುಂಗಿದ್ದನ್ನೆಲ್ಲ ಇಲ್ಲಿ ಉಗುಳುವುದು ಎಂದು ತೀರ್ಮಾನಿಸಿದ್ದೇನೆ. ಕೋಟ ಪಡುಕರೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ವಾಂತಿಯಾಗುತ್ತದೆಂದು ಬಾರ್ಕೂರು–ಕುಂದಾಪುರ ಬಸ್ಸು ಹತ್ತಿದವನು ನಾನು. ನುಂಗುವುದು ನನ್ನ ಜಾಯಮಾನವೇ ಅಲ್ಲ.

ಶಾಲೆ ಶುರುವಾಗಿದೆ. ಪಾಸಿನ ಮಕ್ಕಳು ಎಲ್ಲಿಂದ ಬರುತ್ತವೋ, ಬಸ್ಸಿನ ಮೂಲೆಮೂಲೆಗೂ ತುಂಬಿಕೊಳ್ಳುತ್ತವೆ. ನನ್ನ ಕಾನೂನು ಒಂದೇ. ಫುಲ್ ಟಿಕೆಟಿನವರು ನಿಂತಿರುವಾಗ ಪಾಸಿನವರು ಕೂರಬಾರದು. "ಪಾಸಿನ್ ಮಕ್ಳೆಲ್ಲ ಏಳಿ" ಎಂದು ಒಂದು ಸಲ ಕೂಗಿದರೆ ಸಾಕು, ಸೀಟು ಖಾಲಿ. ಮಕ್ಕಳಿಗೆ ಸೀಟು ಯಾಕೆ ಬೇಕು? ನಾಲ್ಕು ದಿನ ಬರುತ್ತವೆ, ದೊಡ್ಡವಾಗುತ್ತವೆ, ಹೋಗುತ್ತವೆ.

ಜೂನ್ 14, ಸೋಮವಾರ

ಮಗಳು ದಿವ್ಯಾಳಿಗೆ ಹಲ್ಲುನೋವು. ಏಳು ವರ್ಷ, ಎರಡನೇ ಕ್ಲಾಸು. ಬಂಗಡೆ ಸಾರು ಬೇಡ ಎಂದಳು ಅಂದಮೇಲೆ ನೋವು ನಿಜವೇ ಇರಬೇಕು. ನನ್ನ ಹೆಂಡತಿ ಹರಿಣಾಕ್ಷಿ ಟಾರ್ಚ್ ಹಾಕಿ ನೋಡಿದಳು. ಕೆಳಗಿನ ಎಡಭಾಗದ ದವಡೆಯ ಹಾಲು ಹಲ್ಲಿನಲ್ಲಿ ಕಪ್ಪು ತೂತು.

ನನ್ನ ತಾಯಿ ಬಾಗಿ, ನಮಗೆಲ್ಲ ಅಬ್ಬಿ, ಕೋಟದ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಅವಳ ಮಾತಿಗೆ ಅಲ್ಲೂ ಎದುರಿಲ್ಲ, ಇಲ್ಲೂ ಎದುರಿಲ್ಲ. "ಹಾಲ್ ಹಲ್ಲ್ ಅಲ್ದಾ? ಬಿದ್ದ್ ಹೋಪ ಹಲ್ಲಿಗ್ ಎಂತಕ್ಕ್ ಇಷ್ಟ್ ಗೌಜಿ?" ಎಂದು ಮಗುವಿನ ಬಾಯಿಗೆ ಒಂದು ಲವಂಗ, ತನ್ನ ಬಾಯಿಗೆ ಒಂದು ವೀಳ್ಯ ಹಾಕಿಕೊಂಡಳು. ಅಬ್ಬಿಯ ಬಾಯಲ್ಲಿ ಉಳಿದಿರುವ ಹಲ್ಲುಗಳು ಒಂದರ ಮುಖ ಒಂದು ನೋಡದೆ ವರ್ಷಗಳಾಗಿವೆ.

ನನಗೂ ಅಬ್ಬಿಯ ಮಾತು ಸರಿ ಎನಿಸಿತು. ಹೋಗುವ ಹಲ್ಲು, ಹೋಗಲಿ.

ಜೂನ್ 16, ಬುಧವಾರ

ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ಮನೆಯಲ್ಲಿ ರಂಪ. ಅಬ್ಬಿ ಬಲೆ ಹೆಣೆಯುವ ನೈಲಾನ್ ದಾರದ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ದಿವ್ಯಾಳ ಹಲ್ಲಿಗೆ ಕಟ್ಟಲು ಬೆರಳು ಹಾಕಿದ್ದಾಳೆ. ಆ ಹಲ್ಲು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ದಿವ್ಯಾ ಬಾಯಿ ಮುಚ್ಚಿದಳು. ಅಬ್ಬಿಯ ಬೆರಳು ಒಳಗೇ ಇತ್ತು.

ಅಬ್ಬಿ ಬಟ್ಟೆ ಸುತ್ತಿಕೊಂಡೇ ಮಾರ್ಕೆಟಿಗೆ ಹೋದಳಂತೆ. ಕೇಳಿದವರಿಗೆಲ್ಲ ತೊರಕೆ ಮೀನಿನ ಮುಳ್ಳು ತಾಗಿತು ಎಂದಳಂತೆ. ಆಗಿನಿಂದ ದಿವ್ಯಾ ಯಾರ ಎದುರಿಗೂ ಬಾಯಿ ತೆರೆಯುತ್ತಿಲ್ಲ. ಗಂಜಿ ಕುಡಿಯುವುದೂ ಗೋಡೆಯ ಕಡೆ ತಿರುಗಿಕೊಂಡೇ.

ಜೂನ್ 22, ಮಂಗಳವಾರ

ಮಂಗಳವಾರ ನನ್ನ ರಜೆ. ಹರಿಣಾಕ್ಷಿ ಬೆಳಿಗ್ಗೆಯೇ ಸೀರೆ ಉಟ್ಟು ನಿಂತಿದ್ದಳು. "ಹ್ವಾಯ್, ನೀವ್ ಬತ್ರ್ಯಾ, ನಾನೇ ಕರ್ಕಂಡ್ ಹೋಯ್ಕಾ?" ಎಂದಳು. ಅದು ಪ್ರಶ್ನೆಯಲ್ಲ ಎಂದು ಮದುವೆಯಾದವರಿಗೆಲ್ಲ ಗೊತ್ತು.

ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ, ಮಹಡಿಯ ಮೇಲೆ ಹೊಸ ಕ್ಲಿನಿಕ್. ಡಾ. ಗೋಮತಿ, ಮಕ್ಕಳ ದಂತ ವೈದ್ಯೆ ಎಂದು ಬೋರ್ಡು. ನನಗೆ ನಗು ಬಂತು. ಬೀಳುವ ಹಲ್ಲಿಗೂ ಬೇರೆ ಡಾಕ್ಟರಂತೆ! ಇನ್ನು ಹಾಫ್ ಟಿಕೆಟಿನವರಿಗೂ ಬೇರೆ ಬಸ್ಸು ಬಿಡಬೇಕು.

ಡಾಕ್ಟರು ಸಣ್ಣ ಪ್ರಾಯದವರು. ದಿವ್ಯಾಳ ಕೈಗೆ ಒಂದು ಸಣ್ಣ ಕನ್ನಡಿ ಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ಕಾಲು ಭಾಗ ಬಾಯಿ ತೆರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕಾಣಿ, ಇದ್ ಹೋಪ ಹಲ್ಲೇ. ಆರೆ..." ಎಂದರು.

"ಹೋಪ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದಿವ್ಯಾ ಕುರ್ಚಿಯಿಂದ ಜಾರಿ, ಡಾಕ್ಟರ ಕೈಯಡಿ ನುಸುಳಿ ಮೆಟ್ಟಿಲಿಳಿದಾಗಿತ್ತು. ನಮ್ಮ ಬಸ್ಸಿನಲ್ಲಿ ಹೊರಡೋಣ ಎನ್ನಲು ನಾನು ದಿನಾ ಕೂಗುವುದೂ ಅದೇ ಅಲ್ಲವೇ, "ಹೋಪ, ಹೋಪ"? ಹಿಡಿದಾಗ ಬೀದಿಯಲ್ಲಿದ್ದಳು. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಯಾರದೋ.

"ಅಪ್ಪಯ್ಯ, ಡಾಕ್ಟ್ರೇ ಹೋಪ ಅಂದ್ರಲೆ!" ಎಂದಳು. ನ್ಯಾಯವಾಗಿ ಅವಳದು ತಪ್ಪಿಲ್ಲ.

ಚಪ್ಪಲಿ ಬದಲಾಯಿಸಲು ನಾನೊಬ್ಬನೇ ಮೇಲೆ ಹೋದೆ. ಡಾಕ್ಟರು ಕೂರಿಸಿ ವಿವರ ಹೇಳಿದರು. "ಹೋಪ ಹಲ್ಲ್ ಹೌದ್. ಆರೆ ಈಗ ಹೋಪ್ದಲ್ಲ, ಹನ್ನೊಂದ್ ವರ್ಷಕ್ಕೆ. ಅಡಿಯಗೆ ಬಪ್ಪ ಹಲ್ಲ್ ಒಂದ್ ಇತ್ತ್. ಅದ್ ಬಪ್ಪೊರಿಗೆ ಇದ್ ಜಾಗ ಕಾಯ್ಕಂಡ್ ಇರ್ಕ್. ಈಗ್ಲೇ ಕಿತ್ರೆ, ಹಿಂದಿನ್ ದೊಡ್ಡ್ ಹಲ್ಲ್ ಜರ್ಕಂಡ್ ಬಂದ್ ಆ ಜಾಗದಗೆ ಕೂಕಂತ್ತ್. ಮತ್ತೆ ಬಪ್ಪ ಹಲ್ಲಿಗೆ ಜಾಗವೇ ಇಲ್ಲೆ, ಅಡ್ಡಾದಿಡ್ಡಿ ಬತ್ತ್."

ನನಗೆ ಥಟ್ಟನೆ ಹೊಳೆಯಿತು. "ಅಂದ್ರೆ ಇದ್ ಸೀಟಿಗ್ ಹಾಕಿದ್ ಟವೆಲಾ ಡಾಕ್ಟ್ರೇ?"

"ಹೌದ್, ಟವೆಲೇ" ಎಂದರು. ನನ್ನ ಗುರುತು ಹತ್ತಿತೆಂದು ಕಾಣುತ್ತದೆ. "ಟವೆಲಿನ್ ವಿಷ್ಯ ನಿಮ್ಗ್ ಗೊತ್ತಿಲ್ದೇ ಇರತ್ತಾ? ಕಾಲೇಜಿಗ್ ಹೋಪತಿಗೆ ನಾನ್ ಸಾಲಿಗ್ರಾಮದಗೆ ಕಿಟಕಿಲಿ ಕರ್ಚೀಪ್ ಹಾಕ್ತಿದ್ದೆ. ಪಾಸಿನವ್ರ್ ಕರ್ಚೀಪಿಗೆ ಸೀಟಿಲ್ಲೆ ಅಂದೇಳಿ ನೀವ್ ಅದನ್ನ ತೆಗ್ದ್ ನನ್ನ್ ಕೈಗೇ ಕೊಡ್ತಿದ್ರಿ. ಎರಡ್ ವರ್ಷ ನಿಂತ್ಕಂಡೇ ಹೋಯಿದೆ."

ಆ ಕಾನೂನು ನನ್ನದಲ್ಲ, ಯಜಮಾನರದು ಎಂದೆ.

ಹಲ್ಲಿನ ಒಳಗೆ ಚೊಕ್ಕ ಮಾಡಿ, ಮದ್ದು ತುಂಬಿ, ಮೇಲೊಂದು ಸ್ಟೀಲ್ ಟೋಪಿ ಹಾಕಿದರೆ ಅವಳಿಗೆ ಹನ್ನೊಂದು ತುಂಬುವವರೆಗೆ ಬಾಳುತ್ತದಂತೆ. ಎರಡು ಮೂರು ಸಲ ಬರಬೇಕು. ಒಂದೇ ಷರತ್ತು, ಮಗು ಬಾಯಿ ತೆರೆಯಬೇಕು.

ಜೂನ್ 23, ಬುಧವಾರ

ಇವತ್ತು ಕಣ್ಣಾರೆ ಕಂಡೆ. ದುಗ್ಗಪ್ಪನವರ ಪಕ್ಕದಲ್ಲಿ ಹೇಗೋ ಮುದುಡಿ ಕುಳಿತಿದ್ದ ಹೆಂಗಸು ತೆಕ್ಕಟ್ಟೆಯಲ್ಲಿ ಇಳಿದರು. ಅವರ ಕಾಲು ನೆಲ ಮುಟ್ಟುವ ಮೊದಲೇ ದುಗ್ಗಪ್ಪ ಇಡೀ ಸೀಟಿಗೆ ಹರಡಿಕೊಂಡರು. ಆಮೇಲೆ ಹತ್ತಿದವರು ಅಡ್ಡಾದಿಡ್ಡಿ ನೇತಾಡಿದರು. ಡಾಕ್ಟರು ಹೇಳಿದ ಹಿಂದಿನ ದೊಡ್ಡ ಹಲ್ಲು ಇದೇ. ನಾನು ಟಿಕೆಟ್ ಹರಿಯುವುದನ್ನು ಬಿಟ್ಟು ಅವರನ್ನೇ ನೋಡುತ್ತಾ ನಿಂತೆ.

"ಎಂತ ಕಾಂತೆ?" ಎಂದರು ದುಗ್ಗಪ್ಪ.

"ಹಲ್ಲ್" ಎಂದೆ. ಇದಕ್ಕೂ ಕಂಪ್ಲೇಂಟ್ ಹೋಗಬಹುದು.

ಜೂನ್ 25, ಶುಕ್ರವಾರ

ದಿವ್ಯಾಳ ಕೆನ್ನೆ ಬಾತಿದೆ. ಮೈ ಬಿಸಿ.

ಅಬ್ಬಿ, "ಪೇಟಿಯಗೆ ಬೇರೆ ಡಾಕ್ಟ್ರ್ ಇಲ್ಯಾ? ಎರಡ್ ನಿಮಿಷದಗೆ ಕಿತ್ತ್ ಕೊಡ್ತ್ರ್" ಎಂದಳು. ನಾನು, "ಟವೆಲ್ ತೆಗ್ದ್ರೆ ಸೀಟ್ ಹೋತ್ತ್ ಅಬ್ಬಿ" ಎಂದೆ. "ಎಂತ ಸೀಟ್? ನಿಂಗೆ ಬಸ್ಸಿನ್ ಮರ್ಲ್ ಹಿಡೀತಾ?" ಎಂದು ಕೂಗಿದಳು. ನಾನೂ ಕೂಗಿದೆ. ಹರಿಣಾಕ್ಷಿ ಕೂಗಲಿಲ್ಲ, ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಷ್ಟು ಸಣ್ಣ ಬಾಯೊಳಗೆ ಅಷ್ಟು ನೋವು ಹೇಗೆ ಹಿಡಿಯುತ್ತದೆ? ದಿವ್ಯಾ ಅಳುವುದನ್ನೂ ಬಾಯಿ ಮುಚ್ಚಿಕೊಂಡೇ ಅಳುತ್ತಾಳೆ.

ಕರೆದುಕೊಂಡು ಓಡಿದೆವು. ಡಾಕ್ಟರು ಹೊರಗಿನಿಂದಲೇ ಕೆನ್ನೆ ಮುಟ್ಟಿ ನೋಡಿ ಸಿರಪ್ ಕೊಟ್ಟರು. "ಬಾವು ಇಳೀತ್ತ್. ಆರೆ ಮಂಗಳವಾರ ಹಲ್ಲಿನ್ ಒಳ್ಗ್ ಚೊಕ್ಕ ಮಾಡ್ಲೇಬೇಕ್. ಆ ದಿನವೂ ಬಾಯ್ ತೆಗೀದಿದ್ರೆ ನಾನ್ ಕಾಯೂದಿಲ್ಲೆ. ಹಲ್ಲ್ ಕೀಳೂದೇ" ಎಂದರು.

ಜೂನ್ 28, ಸೋಮವಾರ

ಬಾವು ಇಳಿದಿದೆ. ಬಾಯಿ ತೆರೆದಿಲ್ಲ. ನಾಳೆ ಮಂಗಳವಾರ.

ಬಸ್ಸಿನಲ್ಲಿ ಮೂವರಿಗೆ ಚಿಲ್ಲರೆ ಜಾಸ್ತಿ ಕೊಟ್ಟೆ. ಮೂವರೂ ಹಿಂದೆ ಕೊಡಲಿಲ್ಲ.

ಜೂನ್ 29, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ದಿವ್ಯಾ ಕುರ್ಚಿ ಹತ್ತಿದಳು, ತುಟಿ ಬಿಗಿದು ಕುಳಿತಳು. ಹರಿಣಾಕ್ಷಿ ಹೊಸ ರಿಬ್ಬನ್ ಆಸೆ ತೋರಿಸಿದಳು. ನಾನು ಪಡುಕರೆಯಿಂದ ಬಾರ್ಕೂರಿನವರೆಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ ಒಯ್ಯುತ್ತೇನೆ ಎಂದೆ. ಪಡುಕರೆಗೆ ನಮ್ಮ ಬಸ್ಸು ಬರುವುದೇ ಇಲ್ಲ ಎಂದು ಅವಳಿಗೂ ಗೊತ್ತು.

ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹರಿಣಾಕ್ಷಿಯನ್ನು ಕೇಳಿದರು, "ಮನಿಯಗೆ ಇದ್ ಎಂತ ಆಟ ಆಡತ್ತ್?"

"ಮತ್ತೆಂತ? ಇಡೀ ದಿನ ಕಂಡಕ್ಟ್ರ್ ಆಟ. ನನ್ನ್ ಪಾತ್ರ, ಡಬ್ಬಿ ಎಲ್ಲ ಬಡ್ದ್ ಬಡ್ದ್ ನೆಗ್ಗಿ ಹೋಯಿತ್ತ್" ಎಂದಳು.

ಈ ಸುದ್ದಿ ನನಗೇ ಹೊಸತು. ನಮ್ಮ ಕೆಲಸದಲ್ಲಿ ವಿಷಲ್ ಒಂದಾದರೆ ನಿಲ್ಲು, ಎರಡಾದರೆ ಹೊರಡು. ವಿಷಲ್ ಊದಲು ಆಗದಿದ್ದರೆ ಬಸ್ಸಿನ ತಗಡಿಗೆ ಕೈಯಿಂದ ಬಡಿಯುತ್ತೇವೆ. ಲೆಕ್ಕ ಅದೇ.

ಡಾಕ್ಟರು ಸ್ಟೂಲ್ ಎಳೆದುಕೊಂಡು ದಿವ್ಯಾಳ ಎದುರು ಕುಳಿತರು. "ಸರಿ ಹಂಗಾರೆ. ನೀನ್ ಕಂಡಕ್ಟ್ರ್, ನಾನ್ ಡ್ರೈವರ್. ನೀನ್ ಕುರ್ಚಿಗ್ ಎರಡ್ ಬಡ್ದ್ರೆ ಮಾತ್ರ ನಾನ್ ಬಿಡೂದ್. ಒಂದ್ ಬಡ್ದ್ರೆ ಅಲ್ಲೇ ನಿಲ್ಸೂದ್. ಬೇರೆ ಯಾರ್ ಹೇಳ್ರೂ ಕೇಂಬುದಿಲ್ಲೆ."

ದಿವ್ಯಾ ಯೋಚಿಸಿದಳು. ಮುಚ್ಚಿದ ತುಟಿಯ ಸಂದಿಯಿಂದಲೇ, "ಬಸ್ ಯಾವ್ದ್?" ಎಂದಳು.

"ಮೊದ್ಲ್ ನಿನ್ನ್ ಅಪ್ಪಯ್ಯ."

ನಾನು ಇದಕ್ಕೆ ಒಪ್ಪಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಕುರ್ಚಿಯಲ್ಲಿ ಮಲಗಿದ್ದೆ. ಡಾಕ್ಟರು ಗುರ್ ಎಂದು ತಿರುಗುವ ಒಂದು ಬ್ರಷ್ ಹಿಡಿದು ಕಾದರು. ಹಲ್ಲು ಪಾಲಿಶ್ ಮಾಡುವುದಂತೆ. ದಿವ್ಯಾ ಟಪ್ ಟಪ್ ಎಂದು ಎರಡು ಬಡಿದಳು. ಬ್ರಷ್ ಹೊರಟಿತು. ಮೇಲಿನ ಸಾಲು ಮುಗಿಯಿತು. ಕೆಳಗಿನದು ಮುಗಿಯಿತು. ನನ್ನ ಬಾಯಿ ತುಂಬ ನೊರೆ. ನಾನು ಕಣ್ಣಲ್ಲೇ ಸ್ಟಾಪ್, ಸ್ಟಾಪ್ ಎಂದೆ. ಅವಳು ಇನ್ನೆರಡು ಬಡಿದಳು.

"ಕಂಡಕ್ಟ್ರೇ, ಈ ಬಸ್ಸಿಗ್ ಸ್ಟಾಪೇ ಇಲ್ಯಾ?" ಎಂದು ಡಾಕ್ಟರು ಕೇಳಿದರು.

"ಇಲ್ಲೆ. ಇದ್ ಎಕ್ಸ್‌ಪ್ರೆಸ್!" ಎಂದಳು ದಿವ್ಯಾ. ಹೇಳುವಾಗ ನಕ್ಕಳು. ನಗುವಾಗ ಬಾಯಿ ತೆರೆಯಿತು. ಎಷ್ಟೋ ದಿನಗಳ ನಂತರ ನನ್ನ ಮಗಳ ಹಲ್ಲು ನೋಡಿದೆ. ಆಗ ಡಾಕ್ಟರು ನನ್ನ ಮೂಗಿನೊಳಗೆ ಬ್ರಷ್ ಹಾಕಿದ್ದರೂ ಸುಮ್ಮನಿರುತ್ತಿದ್ದೆ.

ಆಮೇಲೆ ಅವಳೇ ನನ್ನನ್ನು ಇಳಿಸಿ ತಾನು ಹತ್ತಿದಳು. ಡಾಕ್ಟರು ಮೊದಲು ಹಲ್ಲಿಗೆ ನಿದ್ದೆ ಬರಿಸುವ ಮದ್ದು ಚುಚ್ಚಿದರು. ಅದಕ್ಕೂ ಎರಡು ಬಡಿತ ಕೇಳಿಯೇ ಚುಚ್ಚಿದರು. ಆಮೇಲೆ ಮಷೀನು. ಟಪ್ ಟಪ್, ಹೊರ‍ಟಿತು. ಟಪ್, ನಿಂತಿತು. ಕೂಡಲೇ ಮತ್ತೆ ಟಪ್ ಟಪ್. ಮತ್ತೆ ಟಪ್. ಅವಳಿಗೆ ನೋವಾಗುತ್ತಿರಲಿಲ್ಲ, ಪರೀಕ್ಷೆ ಮಾಡುತ್ತಿದ್ದಳು. ಡಾಕ್ಟರು ಒಂದು ಸಲವೂ ಮೋಸ ಮಾಡಲಿಲ್ಲ. ಟಪ್ ಎಂದಕೂಡಲೇ ಎರಡೂ ಕೈ ಮೇಲೆತ್ತಿ ಕಾದರು. ಹನ್ನೆರಡು ವರ್ಷದಲ್ಲಿ ಮಂಜಯ್ಯ ನನ್ನ ಒಂದು ವಿಷಲ್ಲಿಗೂ ಇಷ್ಟು ಚೊಕ್ಕ ನಿಲ್ಲಿಸಿದ್ದಿಲ್ಲ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ನರ್ಸ್ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿದ ಸದ್ದು ಕೇಳಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಗೋಡೆಗೆ ಟಪ್ ಟಪ್ ಎಂದು ಬಡಿದೇಬಿಟ್ಟೆ. ನಿಂತಿದ್ದ ಮಷೀನು ಗುರ್ ಎಂದಿತು. ದಿವ್ಯಾ ಟಪ್ ಎಂದು ಕುರ್ಚಿ ಮುರಿಯುವ ಹಾಗೆ ಬಡಿದು, ಡಾಕ್ಟರ ಕೈ ಸರಿಸಿ ಎದ್ದು ಕುಳಿತಳು.

"ಈ ಬಸ್ಸಿಗ್ ಎಷ್ಟ್ ಜನ ಕಂಡಕ್ಟ್ರ್?"

"ತಪ್ಪಾಯ್ತ್ ಮಾರಾಯ್ತಿ. ನೀನೊಬ್ಳೇ" ಎಂದರು ಡಾಕ್ಟರು. ನನ್ನನ್ನು ಹೊರಗೆ ಕಳಿಸಿದರು.

ಹೊರಗಿನ ಬೆಂಚಿನಲ್ಲಿ ಕೈ ಎರಡನ್ನೂ ತೊಡೆಯಡಿ ಇಟ್ಟು ಕುಳಿತೆ. ಬಾಗಿಲಾಚೆಯಿಂದ ಕೇಳುತ್ತಿತ್ತು. ಎರಡು ಬಡಿತ. ಗುರ್. ಒಂದು ಬಡಿತ. ನಿಶ್ಶಬ್ದ. ಬರಬರುತ್ತಾ ಒಂದರ ಬಡಿತ ಕಡಿಮೆಯಾಯಿತು, ಗುರ್ ಉದ್ದವಾಯಿತು. ಕಣ್ಣಲ್ಲಿ ನೀರು ಬಂತು. ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯ ಘಾಟು ಬಹಳ.

ಹೊರಡುವಾಗ ಡಾಕ್ಟರು, "ಹಲ್ಲ್ ಉಳೀತ್ತ್. ಹಂಗೇ ನಿಮ್ಮದೂ ಎರಡ್ ಹುಳ್ಕ್ ಆಯಿತ್ತ್, ಕಾಣ್ಕ್" ಎಂದರು. ನೀವು ಮಕ್ಕಳ ಡಾಕ್ಟರಲ್ಲವೇ ಎಂದು ಹೇಳಿ ಪಾರಾದೆ.

ಜುಲೈ 2, ಶುಕ್ರವಾರ

ಸಾಲಿಗ್ರಾಮದಲ್ಲಿ ಹತ್ತುವ ಒಂದನೇ ಕ್ಲಾಸಿನ ಹುಡುಗಿ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಏಳಿಸಲಿಲ್ಲ. ಏಳಿಸಿದರೆ ಅಳುತ್ತಾಳೆ, ಅತ್ತರೆ ಬಸ್ಸಿನವರೆಲ್ಲ ನನ್ನನ್ನು ನೋಡುತ್ತಾರೆ. ಸುಮ್ಮನೆ ರಗಳೆ.

ಜುಲೈ 13, ಮಂಗಳವಾರ

ಸ್ಟೀಲ್ ಟೋಪಿ ಕುಳಿತಿತು. ಮೊದಲು ಬಾಯಿ ತೆರೆಯುತ್ತಿರಲಿಲ್ಲ, ಈಗ ಮುಚ್ಚುತ್ತಿಲ್ಲ. ಅಂಗಳದಲ್ಲಿ ನಿಂತು ದಾರಿಹೋಕರಿಗೆಲ್ಲ ತೋರಿಸುತ್ತಾಳೆ. ಅಬ್ಬಿ ಟಾರ್ಚ್ ಹಾಕಿ, ಬೆರಳನ್ನು ಜಾಗ್ರತೆಯಾಗಿ ಬೆನ್ನ ಹಿಂದೆ ಇಟ್ಟುಕೊಂಡು ನೋಡಿದಳು. "ಚಂದ ಇತ್ತ್. ನಂಗೂ ಒಂದ್ ಹಾಕ್ಸ್ ಮಗಾ" ಎಂದಳು. ಮಾರ್ಕೆಟಿನಲ್ಲಿ, "ನಮ್ಮ್ ಹೆಣ್ಣಿನ್ ಬಾಯಗೆ ಸ್ಟೀಲ್ ಇತ್ತ್" ಎಂದು ಹೇಳಿ ಬಂದಿದ್ದಾಳಂತೆ. ಹಲ್ಲು ಕೀಳಬೇಡಿ ಎಂದು ಮೊದಲು ಹೇಳಿದ್ದೇ ತಾನು ಎಂದೂ ಹೇಳಿದ್ದಾಳಂತೆ.

ಆಗಸ್ಟ್ 20, ಶುಕ್ರವಾರ

ಮತ್ತೆ ಯಜಮಾನರ ಕರೆ. ಮತ್ತೆ ದುಗ್ಗಪ್ಪನವರ ಕಂಪ್ಲೇಂಟ್.

"ಕಿಟ್ಟ, ನೀನ್ ಪಾಸಿನ್ ಮಕ್ಳನ್ನ ಕೂರ್ಸಿ ಫುಲ್ ಟಿಕೆಟಿನವ್ರನ್ನ ನಿಲ್ಸ್ತೆ ಅಂಬ್ರ್. ಹೌದಾ?"

ಅಪ್ಪಟ ಸುಳ್ಳು ಎಂದೆ. ಮುಂದಿನ ಸೀಟಿಗೆ ನಾನು ಟವೆಲ್ ಹಾಕುವುದು ನಿಜ. ಅದು ನನ್ನ ಟಿಕೆಟಿನ ಚೀಲ ಇಡಲು. ಸಾಲಿಗ್ರಾಮದ ಮಕ್ಕಳು ಬಂದು ಅದರ ಮೇಲೆ ಕೂತರೆ ನಾನೇನು ಮಾಡಲಿ? ಅಷ್ಟು ಸಣ್ಣವು ನಿಂತರೆ ದೊಡ್ಡವರ ಕಾಲಡಿ ಸಿಗುತ್ತವೆ, ಬಸ್ಸಿಗೇ ಕೆಟ್ಟ ಹೆಸರು. ಯಜಮಾನರು ತಲೆ ಕೆರೆದುಕೊಂಡು, "ಮತ್ತೆ ಮಕ್ಳ್ ಬಾಯಿಗೆ ಟಾರ್ಚ್ ಹಾಕಿ ಕಾಂಬುದ್ ಎಂತಕ್ಕೆ?" ಎಂದರು.

ಅದೂ ದೊಡ್ಡ ವಿಷಯವಲ್ಲ. ಮಗುವಿಗೆ ಚಾಕಲೇಟ್ ಕೊಟ್ಟು ಮಲಗಿಸುವ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ ಅಷ್ಟೇ. ಹಾಲು ಹಲ್ಲು ತೋರಿಸಿ, ಇದು ಟವೆಲು, ಹರಿಯಲು ಬಿಡಬೇಡಿ ಎನ್ನುತ್ತೇನೆ. ಕೆಲವರಿಗೆ ಅರ್ಥವಾಗುತ್ತದೆ, ಕೆಲವರು ಸೆರಗು ನೋಡಿಕೊಳ್ಳುತ್ತಾರೆ.

ಈಚೆಗೆ ಇಲ್ಲಿ ಬರೆಯಲು ಹೆಚ್ಚೇನೂ ಸಿಗುತ್ತಿಲ್ಲ. ನುಂಗುವ ಮಾತುಗಳು ಕಡಿಮೆಯಾಗಿವೆ. ಪ್ರಯಾಣಿಕರು ಸುಧಾರಿಸಿದ್ದಾರೆಂದು ಕಾಣುತ್ತದೆ.

2008 ಮೇ 4, ಭಾನುವಾರ

ಅಟ್ಟದಲ್ಲಿ ಈ ಡೈರಿ ಸಿಕ್ಕಿತು. ಸಿಕ್ಕಿದ್ದೂ ಒಳ್ಳೆಯದಾಯಿತು, ಇವತ್ತು ಬರೆಯುವಂಥದ್ದು ನಡೆದಿದೆ.

ದಿವ್ಯಾಳಿಗೆ ಈಗ ಹನ್ನೊಂದು. ಹಲಸಿನ ಹಪ್ಪಳ ತಿನ್ನುವಾಗ ಆ ಹಲ್ಲು ಟೋಪಿಯ ಸಮೇತ ಕೈಗೆ ಬಂತು. ನಾಲ್ಕು ವರ್ಷ ಜಾಗ ಕಾದ ಹಲ್ಲು. ಅಂಗೈಯಲ್ಲಿ ನೋಡಿದರೆ ಇಷ್ಟೇ ಇಷ್ಟು.

ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸೆಯಬೇಕು, ಅದು ನಮ್ಮ ಪದ್ಧತಿ. ಅಬ್ಬಿ ಸೆಗಣಿಯಲ್ಲಿ ಸುತ್ತಿ ಎಸೆದಳು. ಟಣ್ ಎಂದಿತು, ಉರುಳಿ ಉರುಳಿ ಕೆಳಗೆ ಬಂತು. ಇನ್ನೊಮ್ಮೆ ಎಸೆದಳು, ಇನ್ನೊಮ್ಮೆ ಬಂತು. ಮೂರನೇ ಸಲ ನೇರ ನನ್ನ ತಲೆಯ ಮೇಲೆ. ಕೊನೆಗೆ ನಾನೇ ಏಣಿ ಹತ್ತಿ ಹೆಂಚಿನ ಸಂದಿಯಲ್ಲಿ ಇಟ್ಟು ಬಂದೆ. ಅಬ್ಬಿಗೆ ಹೊಸ ಚಿಂತೆ. "ಸ್ಟೀಲಿನ್ ಹಲ್ಲ್ ಕೊಟ್ರೆ ಸ್ಟೀಲಿನ್ ಹಲ್ಲೇ ಬತ್ತಾ ಕಾಣ್ಕ್" ಎನ್ನುತ್ತಾಳೆ.

ನನ್ನ ಚಿಂತೆ ಬೇರೆ. ಟವೆಲ್ ತೆಗೆದಾಯಿತು. ಇನ್ನು ಸೀಟಿನವರು ಬರಬೇಕು.

ಜೂನ್ 30, ಸೋಮವಾರ

ಬರಲಿಲ್ಲ. ಡಾಕ್ಟರು ಎಕ್ಸ್‌ರೇ ತೋರಿಸಿ, ಅಡಿಯಲ್ಲಿ ಸರಿಯಾಗಿಯೇ ಇದೆ, ದಾರಿಯಲ್ಲಿದೆ ಎಂದರು. ದಾರಿಯಲ್ಲಿದೆ ಎಂಬ ಮಾತನ್ನು ನಾನು ದಿನಾ ಪ್ರಯಾಣಿಕರಿಗೆ ಹೇಳುವವನು. ಅದರ ಬೆಲೆ ನನಗೆ ಗೊತ್ತು.

ಆಗಸ್ಟ್ 9, ಶನಿವಾರ

ಇನ್ನೂ ಇಲ್ಲ. ಹಿಂದಿನ ದೊಡ್ಡದು ಜರುಗಿತೋ ಎಂದು ಬೆಳಿಗ್ಗೆ ಟಾರ್ಚ್ ಹಿಡಿದು ಹೋದೆ. "ಅಪ್ಪಯ್ಯ, ಇದ್ ನನ್ನ್ ಬಾಯಿ, ಬಸ್‌ಸ್ಟ್ಯಾಂಡ್ ಅಲ್ಲ" ಎಂದು ದಿವ್ಯಾ ಟಾರ್ಚ್ ಕಿತ್ತುಕೊಂಡಳು. ಅವಳ ನಾಲಗೆ ನನ್ನ ಹಾಗೆಯೇ ಆಗಿದೆ. ಯಾರಿಂದ ಕಲಿತಳೋ.

ಸೆಪ್ಟೆಂಬರ್ 15, ಸೋಮವಾರ

ಬಂತು!

ಬೆಳಿಗ್ಗೆ ಹಲ್ಲುಜ್ಜುವಾಗ ಹರಿಣಾಕ್ಷಿಯೇ ನೋಡಿ ಕೂಗಿದಳು. ಒಸಡಿನಿಂದ ಬಿಳಿ ತುದಿ ಎದ್ದಿದೆ. ಅಡ್ಡ ಇಲ್ಲ, ದಿಡ್ಡಿ ಇಲ್ಲ, ಖಾಲಿ ಸೀಟಿನ ನಟ್ಟನಡುವೆ. ಅಬ್ಬಿ ಉಗುರಲ್ಲಿ ಮೆಲ್ಲಗೆ ತಟ್ಟಿ, "ಸ್ಟೀಲ್ ಅಲ್ಲ" ಎಂದು ನಿಟ್ಟುಸಿರು ಬಿಟ್ಟಳು. ನನಗೆ ಎಷ್ಟು ಖುಷಿಯಾಯಿತೆಂದರೆ ಚಹಾಕ್ಕೆ ಸಕ್ಕರೆ ಹಾಕಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ.

ದಿವ್ಯಾ ಈ ವರ್ಷದಿಂದ ಕುಂದಾಪುರದ ಶಾಲೆಗೆ ನಮ್ಮ ಬಸ್ಸಿನಲ್ಲೇ ಹೋಗುತ್ತಾಳೆ, ಪಾಸಿನಲ್ಲಿ. ಇವತ್ತು ಬಸ್ಸು ಜಾಸ್ತಿಯೇ ತುಂಬಿತ್ತು. ಕೋಟೇಶ್ವರದಲ್ಲಿ ಒಬ್ಬ ಅಜ್ಜಿ ದೊಡ್ಡ ತರಕಾರಿ ಬುಟ್ಟಿ ಹಿಡಿದು ಇಳಿಯಲಾರದೆ ನಿಂತಿದ್ದರು. ಬುಟ್ಟಿ ಹೊತ್ತು ನಾನೇ ಇಳಿದೆ, ಅಂಗಡಿ ಜಗಲಿಯ ಮೇಲೆ ಇಟ್ಟೆ. ಹಿಂದೆ ತಿರುಗುವಷ್ಟರಲ್ಲಿ ಬಸ್ಸಿನ ತಗಡಿಗೆ ಬಡಿದದ್ದು ಕೇಳಿತು.

ಟಪ್ ಟಪ್.

ಆ ಬಡಿತ ನನ್ನದಲ್ಲ. ಯಾರದೆಂದು ಕೂಡಲೇ ಗೊತ್ತಾಯಿತು. ಮಂಜಯ್ಯ ಕನ್ನಡಿ ನೋಡಿದರೆ ಪಾಪ ಬರುತ್ತದೆಂದು ತಿಳಿದವನು, ಗೇರ್ ಹಾಕಿ ಹೊರಟೇಬಿಟ್ಟ.

ಓಡಿದೆ. "ಹ್ವಾಯ್, ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿದೆ. ವಿಷಲ್ ಬಾಯಿಗಿಟ್ಟರೆ ಊದಲು ಉಸಿರಿಲ್ಲ. ಕೋಟೇಶ್ವರದ ಪೇಟೆಯ ಜನವೆಲ್ಲ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಬಸ್ಸು ಬಿಟ್ಟುಹೋಗಿ ಓಡುವವರನ್ನು ಅವರು ನೋಡಿದ್ದಾರೆ, ಹಾಗೆ ಓಡುವ ಕಂಡಕ್ಟರನ್ನು ನೋಡಿರಲಿಲ್ಲ. ಹಿಂದಿನ ಗಾಜಿನಲ್ಲಿ, ಕಿಟಕಿಗಳಲ್ಲಿ ಮಕ್ಕಳ ಮುಖವೇ ಮುಖ. ಎಲ್ಲವೂ ನಗುತ್ತಿದ್ದವು. ಬಿದ್ದ ಹಲ್ಲಿನವು, ಅರ್ಧ ಬಂದ ಹಲ್ಲಿನವು, ಸ್ಟೀಲ್ ಟೋಪಿಯವೂ ಎರಡು ಮೂರು.

ಟಪ್. ಒಂದೇ ಬಡಿತ. ಬಸ್ಸು ಜಾಗದಲ್ಲೇ ನಿಂತಿತು. ನನಗೆ ಹೀಗೆ ಒಂದು ದಿನವೂ ನಿಲ್ಲಿಸಿದವನಲ್ಲ ಮಂಜಯ್ಯ.

ದಿವ್ಯಾ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. "ಟಿಕೆಟ್, ಟಿಕೆಟ್" ಎಂದು ನನಗೇ ಕೈ ಚಾಚಿ, ಇಡೀ ಬಾಯಿ ತೆರೆದು ನಕ್ಕಳು. ಎಡಗಡೆ ಕೆಳಗೆ ಆ ಬಿಳಿ ತುದಿ ಕಂಡಿತು. ಬೈಯಲು ನಾಲಗೆಯ ತುದಿಗೆ ಬಂದದ್ದೆಲ್ಲ ನುಂಗಿಬಿಟ್ಟೆ. ನುಂಗುವುದು ಅಷ್ಟೇನೂ ಕಷ್ಟವಲ್ಲ.

ಒಳಗೆ ಬಂದರೆ ದುಗ್ಗಪ್ಪ ರಾಡು ಹಿಡಿದು ನೇತಾಡುತ್ತಿದ್ದಾರೆ. ಅವರ ಮಾಮೂಲಿ ಸೀಟಿನಲ್ಲಿ ಒಂದನೇ ಕ್ಲಾಸಿನ ನಾಲ್ಕು ಮಕ್ಕಳು ಸಾಲಾಗಿ ಕುಳಿತಿವೆ. ನನಗೆ ನಿಜಕ್ಕೂ ಆಶ್ಚರ್ಯವಾಯಿತು.

"ಹ್ವಾಯ್ ದುಗ್ಗಪ್ಪಣ್ಣ, ನೀವ್ ಎಂತಕ್ಕೆ ನಿಂತದ್?"

"ಎಂತಕ್ಕೆ ಅಂದೇಳಿ ಕೇಂತ್ಯಾ?" ಎಂದರು. "ಸಾಲಿಗ್ರಾಮದಗೆ ನೀನೇ ಅಲ್ದಾ ಮಾರಾಯ ನನ್ನ ಏಳ್ಸದ್? ನಾಲ್ಕ್ ವರ್ಷ ಆಯ್ತ್, ದಿನಾ ಏಳ್ಸ್ತೆ!"

ಬಸ್ಸಿಡೀ ನಕ್ಕಿತು. ಈ ಮನುಷ್ಯನಿಗೆ ನನ್ನ ಮೇಲೆ ಕಂಪ್ಲೇಂಟ್ ಹೇಳದಿದ್ದರೆ ತಿಂದದ್ದು ಕರಗುವುದಿಲ್ಲ. ಯಾರು ಏಳಿಸಿದರು, ಯಾರು ಕೂರಿಸಿದರು ಎಂದು ಒಂದು ದಿನ ಸರಿಯಾಗಿ ವಿಚಾರಿಸಬೇಕು.

ಹರಿಣಾಕ್ಷಿ ಟವೆಲ್ ಒಗೆದು ಹಾಕಿದ್ದಳು, ಇನ್ನೂ ಒಣಗಿಲ್ಲ. ಬೆಳಿಗ್ಗೆಗೆ ಬೇರೆ ಒಂದು ತೆಗೆದಿಡಲು ಹೇಳಬೇಕು. ಸಾಲಿಗ್ರಾಮದಲ್ಲಿ ಈ ವರ್ಷ ಹೊಸದಾಗಿ ಐದು ಮಕ್ಕಳು ಹತ್ತುತ್ತಿವೆ, ಅಗಲದ್ದೇ ಆಗಬೇಕು.